ಪಡುವಣ ಬಿಸಿಲಿಗೆ ಸೂರು ಸಾಲದು, ಪರದೆ ಬೇಕು

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮದು ಪಶ್ಚಿಮಕ್ಕೆ ಬಾಗಿಲಿರುವ ಮನೆ. ಮುಂದೆ 20 ಅಡಿ ಅಗಲ, ಗೋಡೆಯಿಂದ ಕಾಂಪೌಂಡಿಗೆ 12 ಅಡಿ ಅಂಗಳ. ಮನೆಯ ಹಿರಿಯರಿಗೆ ಸಂಜೆ ಅಲ್ಲಿ ಕೂತು ಅಭ್ಯಾಸ, ಆದರೆ ಬೇಸಿಗೆಯಲ್ಲಿ ಮೂರು ಗಂಟೆಯಿಂದ ಆರರವರೆಗೆ ಅಲ್ಲಿ ಕಾಲಿಡಲಾಗದು. ಹೋದ ವರ್ಷ ಹಸಿರು ನೆಟ್ ಕಟ್ಟಿಸಿದೆವು, ಆಷಾಢದ ಗಾಳಿಗೆ ಹರಿದುಹೋಯಿತು. ಈಗ ವೆಲ್ಡಿಂಗ್ ಶಾಪಿನವರೊಬ್ಬರು ಪಾರದರ್ಶಕ ಪಾಲಿಕಾರ್ಬೊನೇಟ್ ಹಾಕಿಸಿ ಅಂತಾರೆ, ಇನ್ನೊಬ್ಬರು ತಗಡಿನ ಶೀಟ್, ಮತ್ತೊಬ್ಬರು ತ್ರಿಕೋನದ ಬಟ್ಟೆ ಚಾವಣಿ. ಮಳೆಯೂ ತಡೆಯಬೇಕು. ಯಾವುದು ಸರಿ? ತಾರಸಿಯ ಮೇಲೂ ಒಂದಿಷ್ಟು ನೆರಳು ಮಾಡಬೇಕೆಂದಿದೆ.

ಉತ್ತರ: ಮೂವರೂ ಹೇಳುತ್ತಿರುವುದು ತಲೆಯ ಮೇಲೆ ಏನು ಹಾಕಬೇಕು ಎಂಬುದನ್ನು. ನಿಮ್ಮ ತೊಂದರೆ ಬರುತ್ತಿರುವುದು ತಲೆಯ ಮೇಲಿಂದಲ್ಲ, ಎದುರಿನಿಂದ. ಒಂದು ಸಣ್ಣ ಲೆಕ್ಕ ನೋಡಿ. ಏಪ್ರಿಲ್ ಮೂರನೇ ವಾರದಲ್ಲಿ ಚಿಂತಾಮಣಿಯಲ್ಲಿ ಸಂಜೆ 4 ಗಂಟೆಗೆ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, ನೆಲಮಟ್ಟದಿಂದ ಸುಮಾರು 36 ಡಿಗ್ರಿ ಎತ್ತರದಲ್ಲಿರುತ್ತಾನೆ. 5 ಗಂಟೆಗೆ 21 ಡಿಗ್ರಿಗೆ ಇಳಿದಿರುತ್ತಾನೆ. ನಿಮ್ಮ ಚಾವಣಿಯ ಪಡುವಣ ಅಂಚು ಎಂಟೂವರೆ ಅಡಿ ಎತ್ತರದಲ್ಲಿದ್ದರೆ, ಅದರ ಕೆಳಗಿನಿಂದ ನುಗ್ಗುವ ಬಿಸಿಲು 4 ಗಂಟೆಗೆ ಸುಮಾರು 12 ಅಡಿ ಒಳಗೆ ಬರುತ್ತದೆ. ಅಂದರೆ ಇಡೀ ಅಂಗಳ ದಾಟಿ ಹೊಸಿಲು ಮುಟ್ಟುತ್ತದೆ. 5 ಗಂಟೆಗೆ 22 ಅಡಿ, ನಡುಮನೆಯೊಳಕ್ಕೇ. ಮೇಲೆ ಪಾಲಿಕಾರ್ಬೊನೇಟ್ ಇರಲಿ, ಹಂಚಿರಲಿ, ಕಾಂಕ್ರೀಟ್ ಸ್ಲ್ಯಾಬೇ ಇರಲಿ, ಈ ಲೆಕ್ಕ ಬದಲಾಗದು.

ಆದ್ದರಿಂದ ಸೂರಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಪಡುವಣದ ಅಂಚಿನಲ್ಲಿ ಇಳಿಬಿಡುವ ಪರದೆಗೆ ತೆಗೆದಿಡಿ. ಅದೇ ಎಂಟೂವರೆ ಅಡಿಯ ಅಂಚಿನಿಂದ ನೆಲಕ್ಕೆ ಮೂರು ಅಡಿ ಉಳಿಯುವಷ್ಟು ಪರದೆ ಇಳಿದರೆ 4 ಗಂಟೆಯ ಬಿಸಿಲು ನಾಲ್ಕು ಅಡಿಗೆ ನಿಲ್ಲುತ್ತದೆ. 5 ಗಂಟೆಗೆ ನೆಲದ ಮೇಲೆ ಸುಮಾರು ಎಂಟು ಅಡಿವರೆಗೆ ಬಂದರೂ ಕುರ್ಚಿಯ ಎತ್ತರದಲ್ಲಿ ನಾಲ್ಕು ಅಡಿ ದಾಟದು. ಗೋಡೆ ಕಡೆ ಕೂತವರ ಪಾದಕ್ಕೆ ಬಿಸಿಲು ತಾಗಬಹುದು, ಮುಖಕ್ಕೆ ತಾಗದು. ಕಾಂಪೌಂಡ್ ಗೋಡೆ ಅಲ್ಲೇ ಇದ್ದು ನಾಲ್ಕು ಅಡಿ ಎತ್ತರವಿದ್ದರೆ ಪರದೆ ಅದರ ತಲೆ ಮುಟ್ಟಿದರೆ ಸಾಕು.

ಎರಡನೆಯ ಮಾತು ಗಾಳಿಯದು. ನಮ್ಮ ಬಯಲುಸೀಮೆಯ ಕ್ಯಾಲೆಂಡರ್ ಈ ವಿಷಯದಲ್ಲಿ ನಮಗೆ ಅನುಕೂಲವಾಗಿಯೇ ಇದೆ. ಸುಡು ಬಿಸಿಲು ಶಿವರಾತ್ರಿಯಿಂದ ಮೇ ಕೊನೆಯವರೆಗೆ. ಎಡೆಬಿಡದ ಪಡುವಣ ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ, ಆಗ ಆಕಾಶದಲ್ಲಿ ಮೋಡವೇ ಹೆಚ್ಚು. ಜೋರು ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ನವೆಂಬರ್‌ನಲ್ಲಿ ಚಂಡಮಾರುತದ ಜಡಿಮಳೆ. ಡಿಸೆಂಬರ್, ಜನವರಿಯಲ್ಲಿ ಬಿಸಿಲು ಬೇಕು ಅನ್ನುವಷ್ಟು ಚಳಿ. ಅಂದರೆ ನೆರಳು ಬೇಕಾದ ತಿಂಗಳು ಬೇರೆ, ಗಾಳಿ ಹೊಡೆಯುವ ತಿಂಗಳು ಬೇರೆ. ನೆರಳಿನ ಭಾಗವನ್ನು ಬಿಚ್ಚಿ ಸುತ್ತಿಡುವಂತೆ ಮಾಡಿ, ಮಳೆಯ ಭಾಗವನ್ನು ಮಾತ್ರ ಕಾಯಂ ಮಾಡಿ. ಎರಡನ್ನೂ ಒಂದೇ ವಸ್ತುವಿನಿಂದ ಸಾಧಿಸಲು ಹೋದಾಗಲೇ ಹೋದ ವರ್ಷದ ಹಾಗೆ ಆಗುವುದು. ನಡುವೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯೊಂದು ಮಾತ್ರ ಈ ಲೆಕ್ಕಕ್ಕೆ ಸಿಗದು. ಯಾವ ದಿಕ್ಕಿನಿಂದ ಬೇಕಾದರೂ ಬೀಸಿ, ಆಲಿಕಲ್ಲನ್ನೂ ಸುರಿದು ಹೋಗುತ್ತದೆ.

ನಿಮ್ಮ ಅಂಗಳಕ್ಕೆ ನನ್ನ ಸಲಹೆ ಹೀಗೆ: ಗೋಡೆಗೆ ಹೊಂದಿಕೊಂಡ 8 ಅಡಿಗೆ ಮಳೆ ತಡೆಯುವ ಗಟ್ಟಿ ಸೂರು, ಉಳಿದ 4 ಅಡಿಗೆ ತಂತಿಯ ಚಪ್ಪರ, ಅದರ ತುದಿಯಲ್ಲಿ ಇಳಿಪರದೆ. ಇಡೀ 12 ಅಡಿಗೂ ಶೀಟ್ ಹೊದಿಸಿದರೆ ಮುಂದಿನ ಕೋಣೆ ಹಗಲಲ್ಲೇ ಕತ್ತಲಾಗುತ್ತದೆ, ಗಾಳಿಗೆ ಸಿಗುವ ಹಾಳೆಯೂ ಒಂದೂವರೆ ಪಟ್ಟಾಗುತ್ತದೆ.

ಗಟ್ಟಿ ಸೂರಿಗೆ ಬಣ್ಣ ಲೇಪಿಸಿದ ಗ್ಯಾಲ್ವಲೂಮ್ ಶೀಟ್ (ಅಲ್ಯೂಮಿನಿಯಂ, ಸತುವಿನ ಲೇಪನವಿರುವ ಉಕ್ಕಿನ ತಗಡು) ಸಾಕು. 0.45 ಅಥವಾ 0.50 ಮಿ.ಮೀ. ದಪ್ಪದ್ದನ್ನೇ ಕೇಳಿ. 0.35 ಶೀಟನ್ನು ತೋರಿಸಿ ದರ ಇಳಿಸುವವರಿದ್ದಾರೆ, ಅದು ಗಾಳಿಗೆ ಬಡಬಡ ಬಡಿಯುತ್ತದೆ, ಸ್ಕ್ರೂ ಸುತ್ತ ಸೀಳುತ್ತದೆ. ಬಣ್ಣ ಬಿಳಿ ಅಥವಾ ತಿಳಿ ಬೂದು. ಕಡುನೀಲಿ, ಇಟ್ಟಿಗೆ ಕೆಂಪು ಎಷ್ಟೇ ಚೆಂದ ಕಂಡರೂ ಕಾದು ಕೆಳಗೆ ಕೂತವರ ನೆತ್ತಿಗೆ ಕಾವು ಸೂಸುತ್ತವೆ. ಇಳಿಜಾರು ಅಡಿಗೆ ಒಂದಿಂಚು. ಗೋಡೆಯಿಂದ ಚಪ್ಪರದ ತುದಿಯವರೆಗಿನ ಇಡೀ 12 ಅಡಿ ಚೌಕಟ್ಟಿಗೂ ಇದೇ ಇಳಿಜಾರು ಕೊಟ್ಟರೆ ಗೋಡೆ ಕಡೆ ಒಂಬತ್ತೂವರೆ ಅಡಿ, ಪಡುವಣದ ತುದಿಯಲ್ಲಿ ಎಂಟೂವರೆ ಅಡಿ ಬರುತ್ತದೆ. ಶೀಟನ್ನು ಉದ್ದಕ್ಕೆ ಒಂದೇ ತುಂಡು ತನ್ನಿ. ಎಂಟಡಿಗೆ ಮಧ್ಯದಲ್ಲಿ ಜೋಡಣೆ ಬಂದರೆ ಅಲ್ಲೇ ಸೋರಿಕೆ ಶುರು. ಅಕ್ಕಪಕ್ಕದ ಹಾಳೆಗಳ ಜೋಡಣೆಯಲ್ಲಿ ಮೇಲಿನ ಹಾಳೆಯ ಅಂಚು ಗಾಳಿಗೆ ಬೆನ್ನು ಮಾಡಿರಬೇಕು. ನಮ್ಮ ಗಾಳಿ ನೈರುತ್ಯ, ಪಶ್ಚಿಮದ್ದು. ಆದ್ದರಿಂದ ಉತ್ತರದ ತುದಿಯಿಂದ ಹೊದಿಸುತ್ತಾ ದಕ್ಷಿಣಕ್ಕೆ ಬನ್ನಿ, ಪ್ರತಿ ಹೊಸ ಹಾಳೆ ಹಿಂದಿನದರ ಮೇಲೆ ಕೂರಲಿ.

ಸ್ಕ್ರೂ ವಿಷಯದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಡ್ರಿಲ್ ಮಷೀನನ್ನು ಕೊನೆಯವರೆಗೆ ಒತ್ತಿ ರಬ್ಬರ್ ವಾಷರ್ ಹೊರಗೆ ಉಬ್ಬಿ ಹಿಸುಕಿಹೋಗುವಂತೆ ಮಾಡುವುದು. ಎರಡು ವರ್ಷದಲ್ಲಿ ಆ ರಬ್ಬರ್ ಬಿರಿದು ಹನಿ ಶುರುವಾಗುತ್ತದೆ. ವಾಷರ್ ಶೀಟಿಗೆ ಒತ್ತಿ ಕೂತರೆ ಸಾಕು. ಇನ್ನೊಂದು, ಸ್ಕ್ರೂವನ್ನು ನೀರು ಹರಿಯುವ ತಗ್ಗಿನಲ್ಲಿ ಹೊಡೆಯುವುದು. ಉಬ್ಬಿನ ಮೇಲೆ ಹೊಡೆಸಿ. ಶೀಟಿನ ನಾಲ್ಕೂ ಅಂಚಿನ ಸಾಲಿನಲ್ಲಿ ಪ್ರತಿ ಉಬ್ಬಿಗೆ, ನಡುವಿನ ಸಾಲಿನಲ್ಲಿ ಉಬ್ಬು ಬಿಟ್ಟು ಉಬ್ಬಿಗೆ. ಹಾಗೆಯೇ ಶೀಟನ್ನು ಗ್ರೈಂಡರ್ ಚಕ್ರದಲ್ಲಿ ಕೊಯ್ಯಲು ಬಿಡಬೇಡಿ. ಕಿಡಿ ಬಿದ್ದಲ್ಲೆಲ್ಲ ಲೇಪನ ಸುಟ್ಟು, ಅಂಚಿನಿಂದ ತುಕ್ಕು ಹತ್ತುತ್ತದೆ. ತಗಡು ಕತ್ತರಿಯಲ್ಲೋ ನಿಬ್ಲರ್‌ನಲ್ಲೋ ಕೊಯ್ಯಲಿ, ಕೊರೆದ ಪುಡಿಯನ್ನು ಅದೇ ದಿನ ಗುಡಿಸಿ ತೆಗೆಯಲಿ.

ಈಗ ಕಂಬ. ಶೀಟಿನ ಮನೆಗಳು ಕುಸಿದು ಬೀಳುವುದಕ್ಕಿಂತ ಹಾರಿ ಹೋಗುವುದು ಹೆಚ್ಚು, ಅದನ್ನು ವೆಲ್ಡಿಂಗ್‌ನವರು ಲೆಕ್ಕಕ್ಕೇ ತರುವುದಿಲ್ಲ. ಕಟ್ಟಡಗಳ ಮೇಲೆ ಬೀಳುವ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗವನ್ನೇ ಹಿಡಿದರೆ ಚದರ ಮೀಟರಿಗೆ ಸುಮಾರು 65 ಕೆ.ಜಿ. ಒತ್ತಡ. ನಿಮ್ಮ 20 ಅಡಿ, 8 ಅಡಿ ಸೂರು ಸುಮಾರು 15 ಚದರ ಮೀಟರ್. ಒಟ್ಟು ಒಂದು ಟನ್ನಿನ ಹತ್ತಿರ ಮೇಲಕ್ಕೆ ಎಳೆತ. ಅದರಲ್ಲೂ ನಿಮ್ಮದು ಗಾಳಿ ಬರುವ ದಿಕ್ಕಿಗೆ ಬಾಯಿ ತೆರೆದು, ಹಿಂದೆ ಗೋಡೆ ಇರುವ ಸೂರು. ಕೆಳಗೆ ನುಗ್ಗಿದ ಗಾಳಿಗೆ ಹೋಗಲು ದಾರಿಯಿಲ್ಲದೆ ಶೀಟನ್ನು ಎತ್ತುತ್ತದೆ. ಆದ್ದರಿಂದ ಗೋಡೆಗೂ ಶೀಟಿಗೂ ನಡುವೆ ಆರಿಂಚು ಸಂದು ಬಿಡಿ. ಆ ಸಂದಿನ ಮೇಲೆ ನಾಲ್ಕಿಂಚು ಎತ್ತರದಲ್ಲಿ ಗೋಡೆಗೆ ಹಿಡಿದ ತಗಡಿನ ಪಟ್ಟಿಯೊಂದು ಮಳೆ ತಡೆಯಲಿ. ಗಾಳಿ ಹೊರಹೋಗುತ್ತದೆ, ಶೀಟಿನ ಕೆಳಗೆ ಸೇರುವ ಬಿಸಿಗಾಳಿಯೂ ಅಲ್ಲಿಂದಲೇ ಏರಿ ಹೋಗುತ್ತದೆ. ಒಂದೇ ಸಂದಿನಲ್ಲಿ ಎರಡು ಕೆಲಸ.

ಮೂರು ಕಂಬ ಗೋಡೆ ಕಡೆ, ಮೂರು ಪಡುವಣಕ್ಕೆ, ಹತ್ತಡಿ ಅಂತರದಲ್ಲಿ. ಮೂರಿಂಚಿನ ಚೌಕ ಪೈಪ್, 3 ಮಿ.ಮೀ. ದಪ್ಪ. ಮೇಲೆ ಪೂರ್ವ ಪಶ್ಚಿಮಕ್ಕೆ ಮೂರು ತೊಲೆ, 4 ಇಂಚು 2 ಇಂಚಿನ ಪೈಪನ್ನು ಎತ್ತರಕ್ಕೆ ನಿಲ್ಲಿಸಿ. ಶೀಟಿನ ಕೆಳಗೆ ಅಡ್ಡಪಟ್ಟಿಗಳು 2 ಇಂಚಿನ ಚೌಕ ಪೈಪ್, ನಾಲ್ಕು ಅಡಿಗೊಂದು. ಗೋಡೆ ಕಡೆಯ ಕಂಬಗಳನ್ನು ಗೋಡೆಗೆ ಅಂಟಿಸಬೇಡಿ, ಒಂದೂವರೆ ಅಡಿ ಈಚೆ ನಿಲ್ಲಿಸಿ, ತೊಲೆ ಹಿಂದಕ್ಕೆ ಚಾಚಲಿ. ಮನೆಯ ಪಾಯದ ಪಕ್ಕದಲ್ಲಿ ಗುಂಡಿ ತೋಡುವ ಪ್ರಮೇಯ ತಪ್ಪುತ್ತದೆ. ಇಟ್ಟಿಗೆ ಅಥವಾ ಹಾಲೋ ಬ್ಲಾಕ್ ಗೋಡೆಗೆ ಬೋಲ್ಟ್ ಹೊಡೆದು ತೊಲೆ ನೇತುಹಾಕುವುದಂತೂ ಬೇಡವೇ ಬೇಡ.

ಪ್ರತಿ ಕಂಬಕ್ಕೆ ಒಂದೂವರೆ ಅಡಿ ಚೌಕ, ಎರಡಡಿ ಆಳದ ಕಾಂಕ್ರೀಟ್ ತುಂಬಿದರೆ ಅದರ ತೂಕ ಸುಮಾರು 300 ಕೆ.ಜಿ. ಗೋಡೆ ಕಡೆಯ ನಡುಗಂಬಕ್ಕೆ ಎಳೆತ ಎಲ್ಲಕ್ಕಿಂತ ಹೆಚ್ಚು, ಅದರ ಗುಂಡಿಯನ್ನು ಎರಡೂವರೆ ಅಡಿಗೆ ಇಳಿಸಿ. ಅಲ್ಲಿಗೆ 380 ಕೆ.ಜಿ. ಆಗುತ್ತದೆ. ಒಂದು ಅಡಿ ಗುಂಡಿ ತೋಡಿ, ಜಲ್ಲಿ ಸಿಮೆಂಟ್ ಸುರಿದು ಹೋಗುವ ಕೆಲಸಕ್ಕೆ ಒಪ್ಪಬೇಡಿ.

ಪೈಪನ್ನು ನೇರ ಕಾಂಕ್ರೀಟಿನಲ್ಲಿ ಹೂಳಿಸಬೇಡಿ. ದಿನಾ ಬೆಳಿಗ್ಗೆ ನೀರು ಹಾಕಿ ತೊಳೆದು ರಂಗೋಲಿ ಬಿಡುವ ಅಂಗಳ ಅದು. ನೆಲಮಟ್ಟದಲ್ಲಿ ಪೈಪಿನ ಬುಡ ಸದಾ ಒದ್ದೆ, ತುಕ್ಕು ತಿನ್ನುವುದು ಅಲ್ಲಿಂದಲೇ, ಅದೂ ಒಳಗಿನಿಂದ. ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಂದು ದಿನ ಕಂಬ ಅಲುಗಾಡುತ್ತದೆ. ಕಾಂಕ್ರೀಟನ್ನು ನೆಲದಿಂದ ಎರಡಿಂಚು ಮೇಲೆ ತಂದು, 12 ಮಿ.ಮೀ. ಬೋಲ್ಟ್ ನಾಲ್ಕನ್ನು ಕಾಂಕ್ರೀಟ್ ಹಾಕುವಾಗಲೇ ಕಟ್ಟಿ ಕೂರಿಸಿ, ಎಂಟಿಂಚು ಚೌಕದ 8 ಮಿ.ಮೀ. ತಟ್ಟೆಯ ಮೇಲೆ ಕಂಬ ನಿಲ್ಲಿಸಿ. ಪೈಪಿನ ಮೇಲಿನ ಬಾಯಿಗಳನ್ನು ತಗಡಿಟ್ಟು ವೆಲ್ಡ್ ಮಾಡಿ ಮುಚ್ಚಿಸಿ. ಬೆಸುಗೆಯ ಮೇಲಿನ ಕರಿಯನ್ನು ಕೆರೆದು ತೆಗೆಯದೆ ಪ್ರೈಮರ್ ಬಳಿದರೆ ಅದು ಮೊದಲ ಮಳೆಗಾಲಕ್ಕೇ ಸಿಪ್ಪೆ ಏಳುತ್ತದೆ. ವೆಲ್ಡಿಂಗ್ ಮುಗಿದ ದಿನ ನೀವೇ ಹೋಗಿ ಕೈಯಾಡಿಸಿ ನೋಡಿ.

ಶೀಟಿನ ಕೆಳಗೆ ಥರ್ಮೋಕೋಲ್ ಅಂಟಿಸುವ ಸಲಹೆ ಬಂದರೆ ಕೇಳಬೇಡಿ, ಬೆಂಕಿಗೂ ಇಲಿಗೂ ಒಳ್ಳೆಯದು ಅಷ್ಟೇ. ಬೆಳ್ಳಿ ಹಾಳೆ ಅಂಟಿದ ಫೋಮ್ ಶೀಟನ್ನು ಅಡ್ಡಪಟ್ಟಿಯ ಮೇಲೆ ಹಾಸಿ ಅದರ ಮೇಲೆ ತಗಡು ಹೊಡೆಸಿದರೆ ಕಾವೂ ಕಡಿಮೆ, ಮಳೆಯ ಸದ್ದೂ ಕಡಿಮೆ. ಮಂಗಳೂರು ಹಂಚಿನ ಆಸೆ ಇದ್ದರೆ ಇಳಿಜಾರನ್ನು 30 ಡಿಗ್ರಿಯ ಹತ್ತಿರಕ್ಕೆ ತರಬೇಕು. ಎಂಟಡಿ ಆಳಕ್ಕೆ ಅದು ಸುಮಾರು ನಾಲ್ಕೂವರೆ ಅಡಿ ಇಳಿತ. ನಿಮ್ಮ ಎತ್ತರದಲ್ಲಿ ಅದಕ್ಕೆ ಜಾಗವಿಲ್ಲ.

ಪಾರದರ್ಶಕ ಪಾಲಿಕಾರ್ಬೊನೇಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈಗ ಎಲ್ಲ ಊರಲ್ಲೂ ಅದನ್ನೇ ಮಾರುತ್ತಿದ್ದಾರೆ. ವಸ್ತು ಕೆಟ್ಟದ್ದಲ್ಲ, ಜಾಗ ತಪ್ಪು. ಬೆಳಕು ಬಿಡುವ ಹಾಳೆ ಬಿಸಿಲಿನ ಕಾವನ್ನೂ ಒಳಗೆ ಬಿಡುತ್ತದೆ. ಕಾದ ನೆಲ ಸೂಸುವ ಶಾಖ ಹಾಳೆಯನ್ನು ದಾಟಿ ಸುಲಭವಾಗಿ ಹೊರಹೋಗದು. ನಿಮ್ಮ ಊರ ಸುತ್ತಲಿನ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ) ಒಳಗೆ ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಒಮ್ಮೆ ನಿಂತು ಬನ್ನಿ, ತಿಳಿಯುತ್ತದೆ. ಕೋಣೆಗೆ ಬೆಳಕು ಬೇಕೆಂದರೆ ಏಳು ಹಾಳೆಯಲ್ಲಿ ಒಂದನ್ನು ಮಾತ್ರ, ಒಳಗೆ ಸಾಲು ಕೊಳವೆಗಳಿರುವ ಹಾಲುಬಣ್ಣದ ಪಾಲಿಕಾರ್ಬೊನೇಟ್ ಹಾಕಿಸಿ. ಅದಕ್ಕೂ ಕೆಲವು ಕಟ್ಟುನಿಟ್ಟು: ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯುವ ಲೇಪನದ ಮುಖ ಆಕಾಶಕ್ಕೆ ಇರಬೇಕು, ರಕ್ಷಣಾ ಹಾಳೆಯ ಮೇಲೆ ಯಾವ ಬದಿ ಎಂದು ಅಚ್ಚಾಗಿರುತ್ತದೆ. ಒಳಗಿನ ಕೊಳವೆಗಳು ಇಳಿಜಾರಿನ ದಿಕ್ಕಿಗೇ ಹರಿಯಬೇಕು. ಮೇಲಿನ ತುದಿಗೆ ಅಲ್ಯೂಮಿನಿಯಂ ಟೇಪ್, ಕೆಳತುದಿಗೆ ತೇವ ಹೊರಬಿಟ್ಟು ಧೂಳು ತಡೆಯುವ, ಉಸಿರಾಡುವ ಟೇಪ್. ಎರಡೂ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಒಳಗೆ ಹಸಿರು ಪಾಚಿ. ಮೂರು ಮೀಟರ್ ಹಾಳೆ 40 ಡಿಗ್ರಿ ತಾಪ ವ್ಯತ್ಯಾಸಕ್ಕೆ ಸುಮಾರು 8 ಮಿ.ಮೀ. ಹಿಗ್ಗುತ್ತದೆ, ಆದ್ದರಿಂದ ತೂತು ಸ್ಕ್ರೂವಿಗಿಂತ ದೊಡ್ಡದಿರಬೇಕು. ಬಿಗಿ ತೂತಿನ ಹಾಳೆ ರಾತ್ರಿ ಹೊತ್ತು ಟಕ್ ಟಕ್ ಸದ್ದು ಮಾಡುತ್ತಾ ಕೊನೆಗೆ ಸ್ಕ್ರೂ ಬಳಿ ಸೀಳುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಈ ಹಾಳೆಗೆ ಆಗದು. ನ್ಯೂಟ್ರಲ್ ಸಿಲಿಕೋನ್ ಎಂದೇ ಕೇಳಿ ತನ್ನಿ.

ತ್ರಿಕೋನ ಬಟ್ಟೆಯನ್ನು ಬಿಟ್ಟುಬಿಡಿ. ಮೂಲೆಯೊಂದಕ್ಕೆ ನೂರಾರು ಕೆ.ಜಿ. ಎಳೆತ ಬೀಳುವ ಸಾಮಾನು ಅದು. ಪ್ಯಾರಪೆಟ್ ಗೋಡೆಗೆ ಕೊಂಡಿ ಹೊಡೆದು ಎಳೆದರೆ ಪ್ಯಾರಪೆಟ್ಟೇ ಬಿರುಕು ಬಿಡುತ್ತದೆ. ಮಟ್ಟಸವಾಗಿ ಕಟ್ಟಿದರೆ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಇಷ್ಟೆಲ್ಲ ಮಾಡಿದರೂ ನಾಲ್ಕು ಗಂಟೆಯ ಬಿಸಿಲು ಅದರ ಕೆಳಗಿನಿಂದಲೇ ಬರುತ್ತದೆ.

ಇನ್ನು ನಿಮ್ಮ ಹರಿದ ನೆಟ್. ನಾಲ್ಕು ಮೂಲೆಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದಿರಬೇಕು. ಎಳೆತವೆಲ್ಲ ಆ ನಾಲ್ಕು ತೂತುಗಳ ಮೇಲೆ ಬೀಳುತ್ತದೆ. ಹಗ್ಗ ಬಿಸಿಲಿಗೆ ಪುಡಿಯಾಗಿ ಸಡಿಲಾದ ಮೇಲೆ ನೆಟ್ ಬಡಿಯಲು ಶುರು, ಬಡಿದು ಬಡಿದು ಪೈಪಿನ ಬೆಸುಗೆಯ ಗಂಟಿಗೆ ಉಜ್ಜಿ ಹರಿಯುತ್ತದೆ. ಇದಕ್ಕೆ ಪರಿಹಾರ ನಿಮ್ಮ ಜಿಲ್ಲೆಯ ತೋಟಗಳಲ್ಲೇ ಇದೆ. ಪಾಲಿಹೌಸ್‌ಗೆ ಹಾಳೆ ಹಿಡಿಸುವ ಅಲ್ಯೂಮಿನಿಯಂ ಪ್ರೊಫೈಲ್, ಅದರೊಳಗೆ ಒತ್ತಿ ಕೂರಿಸುವ ಜಿಗ್‌ಜಾಗ್ ಸ್ಪ್ರಿಂಗ್. ನೆಟ್ಟಿನ ಅಂಚನ್ನು ಉದ್ದಕ್ಕೂ ಸಮನಾಗಿ ಹಿಡಿಯುತ್ತದೆ, ಬಿಚ್ಚಬೇಕೆಂದರೆ ಹತ್ತು ನಿಮಿಷದಲ್ಲಿ ಸ್ಪ್ರಿಂಗ್ ಎಳೆದು ತೆಗೆಯಬಹುದು. ಪಾಲಿಹೌಸ್ ಸಾಮಾನು ಮಾರುವ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ನಿಮ್ಮ 4 ಅಡಿಯ ಚಪ್ಪರ ಭಾಗಕ್ಕೆ ಶೇ. 75ರಷ್ಟು ಬಿಸಿಲು ತಡೆಯುವ ಯುವಿ ನೆಟ್ ಸಾಕು. ಗಿಡಗಳಿಗಾದರೆ ಶೇ. 50. ಹಸಿರು ಬಣ್ಣದ ಕೆಳಗೆ ಅನ್ನದ ಬಣ್ಣವೂ ಹಸಿರಾಗಿ ಕಾಣುತ್ತದೆ. ಬಿಳಿ ಅಥವಾ ಕಪ್ಪು ತನ್ನಿ. ನೆಟ್ ಕೆಳಗೆ ಎರಡು ಅಡಿಗೊಂದು ಜಿಐ ತಂತಿ ಬಿಗಿದಿರಲಿ, ಇಲ್ಲದಿದ್ದರೆ ಆಲಿಕಲ್ಲು ಬಿದ್ದ ದಿನ ನೆಟ್ ಜೋಳಿಗೆಯಾಗುತ್ತದೆ.

ಪಡುವಣದ ಇಳಿಪರದೆಗೆ ಶೇ. 90ರ ನೆಟ್ ಅಥವಾ ಬಿದಿರಿನ ತಟ್ಟಿ. ಬಿದಿರು ಕಣ್ಣಿಗೆ ತಂಪು, ಗಾಳಿಯನ್ನೂ ಬಿಡುತ್ತದೆ, ಆದರೆ ಮಳೆಯಲ್ಲಿ ನೆನೆಯಲು ಬಿಟ್ಟರೆ ದಾರ ಕೊಳೆತು ಎರಡು ಮೂರು ವರ್ಷಕ್ಕೆ ಕಡ್ಡಿ ಕಡ್ಡಿಯಾಗುತ್ತದೆ. ಯಾವುದಾದರೂ ಇಪ್ಪತ್ತಡಿಗೆ ಒಂದೇ ಪರದೆ ಬೇಡ. ಐದೈದು ಅಡಿಯ ನಾಲ್ಕು ತುಂಡು ಮಾಡಿಸಿ, ಬಿಸಿಲು ಬರುವ ಕಡೆ ಮಾತ್ರ ಇಳಿಸಬಹುದು. ಎರಡೂ ಬದಿಗೆ ಮೇಲಿನಿಂದ ಕೆಳಗೆ ಬಿಗಿದ ತಂತಿ, ಪರದೆಯ ಅಂಚಿನ ಬಳೆಗಳು ಅದರಲ್ಲಿ ಜಾರಲಿ. ಈ ತಂತಿಯಿಲ್ಲದೆ ಕೆಳಗೆ ತೂಕಕ್ಕೆ ಪೈಪ್ ಕಟ್ಟಿದವರ ಮನೆಯಲ್ಲಿ ಮೊದಲ ಬಿರುಗಾಳಿಗೆ ಆ ಪೈಪು ಬೈಕಿನ ಕನ್ನಡಿಯನ್ನೋ ಕಿಟಕಿ ಗಾಜನ್ನೋ ಹುಡುಕಿಕೊಂಡು ಹೋಗುತ್ತದೆ. ಜೂನ್ ಬರುತ್ತಲೇ ಸುತ್ತಿ ಮೇಲೆ ಕಟ್ಟಿಬಿಡಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನದ ನಮ್ಮ ಒಣಹವೆಗೆ ಲಾವಂಚದ ತಟ್ಟಿಯೂ ಚೆನ್ನಾಗಿ ಕೆಲಸ ಮಾಡುತ್ತದೆ, ನೀರು ಚಿಮುಕಿಸಿದರೆ ಒಳಬರುವ ಗಾಳಿ ನಿಜಕ್ಕೂ ತಣ್ಣಗಾಗುತ್ತದೆ. ಮಂಜು ಸಿಂಪಡಿಸುವ ನಳಿಕೆಗಳಿಗೆ ಮಾತ್ರ ಹಣ ಹಾಕಬೇಡಿ. ನಿಮ್ಮ ಬೋರ್‌ವೆಲ್ ಗಡಸು ನೀರಿಗೆ ಆ ಸಣ್ಣ ತೂತುಗಳು ಬಿಳಿ ಉಪ್ಪು ಕಟ್ಟಿ ಕೂರುತ್ತವೆ.

ಬಳ್ಳಿಯ ಆಸೆ ಇದ್ದರೆ ತಂತಿಯ ಚಪ್ಪರಕ್ಕೆ ನೆಟ್ ಬದಲು ಅದನ್ನೇ ಹಬ್ಬಿಸಬಹುದು, ನೆಟ್‌ಗಿಂತ ಅದು ಉತ್ತಮ ನೆರಳು. ಎಲೆ ತಾನು ಕಾದು ಕಾವು ಸೂಸುವುದಿಲ್ಲ, ನೀರು ಆವಿಯಾಗಿಸಿ ತಣ್ಣಗಿರುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದ ಹಾಗೆ ಕಲ್ಲುಕೂಚ ನಿಲ್ಲಿಸಬೇಕೆನಿಸಿದರೆ ಒಂದು ಎಚ್ಚರಿಕೆ. ಕಲ್ಲು ಭಾರ ಹೊರುತ್ತದೆ, ಬಾಗಿಸಿದರೆ ಮುರಿಯುತ್ತದೆ. ತೋಟದಲ್ಲಿ ಅಂಚಿನ ಕೂಚಗಳನ್ನು ಹೊರಕ್ಕೆ ವಾಲಿಸಿ ಗೂಟಕ್ಕೆ ತಂತಿ ಬಿಗಿದಿರುವುದು ಅದಕ್ಕೇ. ಅಂಗಳದಲ್ಲಿ ಆ ಗೂಟಕ್ಕೆ ಜಾಗವಿಲ್ಲ, ಕಬ್ಬಿಣದ ಕಂಬಗಳೇ ಇರಲಿ. ಬೆಂಗಳೂರು ಬ್ಲೂ ದ್ರಾಕ್ಷಿ ಹಬ್ಬುತ್ತದೆ, ಆದರೆ ಕಡ್ಡಿ ಸವರಿದ ಮೇಲೆ ಕೆಲವು ವಾರ ಚಪ್ಪರ ಬೋಳು, ಹಣ್ಣಿಗೆ ಕಣಜ, ನೆಲಕ್ಕೆ ಕಲೆ. ಮಧುಮಾಲತಿ ಸುಲಭ. ವರ್ಷಾವರ್ಷ ಬದಲಿಸುವ ಮನಸ್ಸಿದ್ದರೆ ಸಂಕ್ರಾಂತಿ ಕಳೆದ ಮೇಲೆ ಹೀರೆ, ಹಾಗಲ ಬಿತ್ತಿ, ಬೇಸಿಗೆಗೆ ಚಪ್ಪರ ತುಂಬುತ್ತದೆ. ಕಾಗದದ ಹೂವನ್ನು ತಲೆಯ ಮೇಲೆ ಹಬ್ಬಿಸಬೇಡಿ, ಉದುರಿದ ಮುಳ್ಳು ಬರಿಗಾಲಿಗೆ. ಕಾಂಪೌಂಡ್ ಹೊರಗೆ ಜಾಗವಿದ್ದು ಮೇಲೆ ವಿದ್ಯುತ್ ತಂತಿ ಇಲ್ಲದಿದ್ದರೆ ಒಂದು ಹೊಂಗೆ ನೆಡಿ, ಮನೆಯಿಂದಲೂ ಸಂಪಿನಿಂದಲೂ 15 ಅಡಿ ದೂರದಲ್ಲಿ. ಬೇಸಿಗೆಯ ಹೊಸ್ತಿಲಲ್ಲಿ ಹಳೆ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡು ನಿಲ್ಲುವ ಮರ ಅದು.

ನೀರಿನ ವಿಷಯ. ಎಂಟಡಿ ಸೂರಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 370 ಲೀಟರ್. ಶೀಟಿನ ತುದಿಗೆ ಐದಿಂಚಿನ ದೋಣಿ, ಒಂದು ತುದಿಗೆ ಇಳಿಜಾರು ಕೊಟ್ಟು ಮೂರಿಂಚಿನ ಪೈಪಿನಿಂದ ಇಳಿಸಿ, ಜರಡಿ ದಾಟಿಸಿ ನೀರಿನ ಸಂಪ್‌ಗೆ ಬಿಡಿ. ಪಕ್ಕದ ಮನೆಗೋ ರಸ್ತೆಗೋ ಧುಮುಕುವಂತೆ ಬಿಟ್ಟರೆ ಜಗಳ ಖಾತ್ರಿ. ಸೆಟ್‌ಬ್ಯಾಕ್ (ಮನೆ ಸುತ್ತ ಖಾಲಿ ಬಿಡಬೇಕಾದ) ಜಾಗದಲ್ಲಿ ಕಾಯಂ ಸೂರು ಹಾಕುವ ಮೊದಲು ನಗರಸಭೆಯಲ್ಲಿ ಕೇಳಿಕೊಳ್ಳಿ. ಮನೆ ಮುಂದೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಉದ್ದದ ಪೈಪ್, ಶೀಟ್ ಎತ್ತುವ ದಿನ ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿಯೇ ಕೆಲಸ ಮಾಡಿಸಿ.

ತಾರಸಿ. ಕೆಳಗಿನ ಕೋಣೆ ಕಾಯುತ್ತದೆ ಎಂಬುದೇ ದೂರಾದರೆ ನೆರಳಿಗಿಂತ ಮೊದಲು ಸ್ಲ್ಯಾಬಿಗೆ ಬಿಳಿ ಕೂಲ್ ರೂಫ್ ಬಣ್ಣ ಎರಡು ಕೋಟ್ ಬಳಿಸಿ, ಇದ್ದುದರಲ್ಲಿ ಅಗ್ಗದ ದಾರಿ. ಬಟ್ಟೆ ಒಣಗಿಸಲು, ಕೂರಲು ನೆರಳು ಬೇಕಾದರೆ ಹತ್ತಡಿ ಚೌಕದ ನೆಟ್ ಸಾಕು, ಉಳಿದ ಜಾಗ ಹಪ್ಪಳ ಸಂಡಿಗೆಗೆ ಇರಲಿ. ಸ್ಲ್ಯಾಬಿಗೆ ಡ್ರಿಲ್ ಹಾಕಿಸಬೇಡಿ, ಒಂದು ಬೋಲ್ಟಿನ ತೂತಿನಿಂದ ಇಳಿದ ನೀರು ಕೋಣೆಯ ಇನ್ನೊಂದು ಮೂಲೆಯಲ್ಲಿ ತೊಟ್ಟಿಕ್ಕುತ್ತದೆ, ಮೂಲ ಹುಡುಕುವುದೇ ಕಷ್ಟ. ಮುಂದಿನ ಅಂತಸ್ತಿಗೆಂದು ಪಿಲ್ಲರ್ ಕಂಬಿ ಬಿಟ್ಟಿದ್ದರೆ ಅದರ ಸುತ್ತ ಕಾಂಕ್ರೀಟ್ ಕಟ್ಟಿ ಕಂಬ ನಿಲ್ಲಿಸಿ, ಇನ್ನೊಂದು ತುದಿಯನ್ನು ಮೆಟ್ಟಿಲ ಕೋಣೆಯ ಪಿಲ್ಲರ್‌ಗೆ ಹಿಡಿಸಿ. ಅಂಗಳಕ್ಕಿಂತ ಅಲ್ಲಿ ಗಾಳಿ ಜೋರು, ಆದ್ದರಿಂದ ತಾರಸಿಯ ನೆಟ್ ಮೇ ಕೊನೆಗೇ ಇಳಿಯಬೇಕು. ಕೋತಿ ಕಾಟದ ಬೀದಿಯಾದರೆ ನೆಟ್ಟಿನ ಆಯಸ್ಸನ್ನು ಅರ್ಧಕ್ಕೇ ಲೆಕ್ಕ ಹಾಕಿ.

ಕಬ್ಬಿಣದ ಕೆಲಸವನ್ನು ಡಿಸೆಂಬರ್, ಜನವರಿಯಲ್ಲಿ ಮುಗಿಸಿ, ಯುಗಾದಿಗೆ ಮುಂಚೆ ಪರದೆ ಇಳಿಯುವಂತೆ ನೋಡಿಕೊಳ್ಳಿ. ಜೂನ್ ಮೊದಲ ವಾರ ನೆಟ್ ಮತ್ತು ಪರದೆ ಸುತ್ತುವಾಗಲೇ ಏಣಿ ಹಾಕಿ ಸ್ಕ್ರೂಗಳ ವಾಷರ್, ಬುಡದ ಬೋಲ್ಟ್ ನೋಡಿ, ದೋಣಿಯಲ್ಲಿ ಕೂತ ಎಲೆ ತೆಗೆಯಿರಿ.